ಮೊಳಕಾಲುದ್ದದ ನೀರು: ವಲಸೆಯ ಋತುಗಳಲ್ಲಿ ಕೆರೆಯ ಹಕ್ಕಿಗಳು



 ಈ ದತ್ತಿ ಉಪನ್ಯಾಸಕ್ಕೆ ನಾನು ಆರಿಸಿಕೊಂಡಿರುವ ವಿಷಯ, ವಲಸೆಯ ಋತುಗಳಲ್ಲಿ ನಮ್ಮ ಕೆರೆಗಳ ಜೌಗಿಗೆ ಬಂದಿಳಿಯುವ ಹಕ್ಕಿಗಳು ಮತ್ತು ಅವುಗಳ ವೀಕ್ಷಣೆ. ಪಕ್ಷಿಶಾಸ್ತ್ರದ ಸಮಗ್ರ ನಿರೂಪಣೆ ನನ್ನ ಉದ್ದೇಶವಲ್ಲ. ಕೆರೆಯ ಜೌಗೆಂದರೆ ಯಾವುದು, ಅಲ್ಲಿಗೆ ಯಾವ ಹಕ್ಕಿ ಯಾವ ತಿಂಗಳಲ್ಲಿ ಬರುತ್ತದೆ, ಅಷ್ಟು ದೂರದಿಂದ ಬರುವ ಬಗೆಯನ್ನು ಮನುಷ್ಯನು ಹೇಗೆ ಅರಿತುಕೊಂಡನು, ಈ ಹಕ್ಕಿಗಳನ್ನು ನೋಡುವ ಕ್ರಮ ಯಾವುದು ಎಂಬುದನ್ನು ಅನುಕ್ರಮವಾಗಿ ವಿವರಿಸಿ, ಕಡೆಯಲ್ಲಿ ಕೆರೆಗಳ ಇಂದಿನ ಸ್ಥಿತಿಯನ್ನು ಕುರಿತು ಕೆಲವು ಮಾತುಗಳನ್ನು ಅರಿಕೆಮಾಡಿಕೊಳ್ಳುತ್ತೇನೆ. ಈ ಎಲ್ಲ ಮಾತುಗಳ ಹಿಂದೆ ನಾನು ಪ್ರತಿಪಾದಿಸಬೇಕೆಂದಿರುವುದು ಒಂದೇ ಅಂಶ: ಕೆರೆಯಲ್ಲಿ ಹಕ್ಕಿಯನ್ನು ನೋಡಬೇಕೆನ್ನುವವನು ಮೊದಲು ನೀರನ್ನು ನೋಡಲು ಕಲಿಯಬೇಕು, ಅದರಲ್ಲಿಯೂ ನೀರಿನ ವಿಸ್ತಾರಕ್ಕಿಂತ ಅದರ ಆಳವನ್ನು.

ಮೊದಲನೆಯದಾಗಿ ಕೆರೆಯ ಸ್ವರೂಪ. ಶೀತದೇಶಗಳ ಗ್ರಂಥಗಳಲ್ಲಿ ವರ್ಣಿತವಾಗಿರುವ ಸಿಹಿನೀರಿನ ಜೌಗುಗಳು ಬಹುಮಟ್ಟಿಗೆ ಹಿಮನದಿಗಳು ಕೊರೆದ ತಗ್ಗುಗಳು, ಇಲ್ಲವೆ ಮಹಾನದಿಗಳು ದಿಕ್ಕು ಬದಲಿಸುವಾಗ ಬಿಟ್ಟುಹೋದ ಹಳೆಯ ಪಾತ್ರಗಳು. ನಮ್ಮ ಪ್ರಸ್ಥಭೂಮಿಯ ಬಯಲುಸೀಮೆಯಲ್ಲಿ ಅಂಥ ನೈಸರ್ಗಿಕ ಜಲಾಶಯಗಳು ಅತಿ ವಿರಳ. ಇಲ್ಲಿನ ಜೌಗು ಮನುಷ್ಯನ ಕೈಯ ಸೃಷ್ಟಿ. ಹಳ್ಳಕ್ಕೆ ಅಡ್ಡಲಾಗಿ ಏರಿ ಕಟ್ಟಿ, ತೂಬಿಟ್ಟು, ಹೆಚ್ಚಿದ ನೀರಿಗೆ ಕೋಡಿ ಬಿಟ್ಟು, ಮೇಲಿನ ಕೆರೆಯ ಕೋಡಿ ಕೆಳಗಿನ ಕೆರೆಯ ಅಂಗಳಕ್ಕೆ ಹರಿಯುವಂತೆ ಮಾಲೆಮಾಲೆಯಾಗಿ ಕೆರೆಗಳನ್ನು ಕಟ್ಟಿದ ನಮ್ಮ ಪೂರ್ವಿಕರು ಅನ್ನಕ್ಕಾಗಿ ಆ ಕೆಲಸ ಮಾಡಿದರೇ ಹೊರತು ಹಕ್ಕಿಗಳಿಗಾಗಿ ಅಲ್ಲ. ಆದರೂ ಕರ್ನಾಟಕದಲ್ಲಿ ಇಂದಿಗೂ ಲೆಕ್ಕಕ್ಕೆ ಸಿಗುವ 36,000ಕ್ಕೂ ಮಿಕ್ಕ ಕೆರೆಗಳ ಈ ವಿಶಾಲವಾದ ಜಾಲವು, ಹಿಮಾಲಯದ ಆಚೆಯ ಹಕ್ಕಿಗೆ ದಖ್ಖನಿನ ಒಣನೆಲದ ನಡುವೆ ಚಳಿಗಾಲವನ್ನು ಕಳೆಯುವ ಆಶ್ರಯವಾಗಿ ಪರಿಣಮಿಸಿತು.

ಏರಿಯ ಮೇಲೆ ನಿಂತು ನೋಡುವವರಿಗೆ ಕೆರೆಯೆಂದರೆ ತೂಬಿನ ಎದುರಿಗಿರುವ ಆಳವಾದ ನೀರು. ಹಕ್ಕಿಗಳ ಮಟ್ಟಿಗೆ ಅದು ಕೆರೆಯ ಅತ್ಯಂತ ಬಡ ಭಾಗ. ನೀರುಕಾಗೆ ಅಲ್ಲಿ ಮುಳುಗಿ ಮೀನು ಹಿಡಿಯುತ್ತದೆ. ಗುಳುಮುಳುಕ ಅಲ್ಲಲ್ಲಿ ತಲೆಯೆತ್ತುತ್ತದೆ. ಉಳಿದಂತೆ ಅದು ಬರಿದು. ಕೆರೆಯ ನಿಜವಾದ ಸಿರಿಯಿರುವುದು ಏರಿಯಿಂದ ದೂರದಲ್ಲಿ, ಹಳ್ಳವು ಬಂದು ಕೂಡುವ ಹಿಂಬದಿಯ ಅಂಗಳದಲ್ಲಿ. ಅಲ್ಲಿ ನೆಲ ಸಾವಕಾಶವಾಗಿ ಇಳಿಯುತ್ತ ನೀರೊಳಗೆ ಸೇರುತ್ತದೆ. ಎಲ್ಲಿ ನೆಲ ಮುಗಿಯಿತು, ಎಲ್ಲಿ ನೀರು ತೊಡಗಿತು ಎಂದು ಗೆರೆ ಎಳೆದು ಹೇಳುವುದು ಸಾಧ್ಯವಿಲ್ಲ. ಒದ್ದೆಮಣ್ಣು, ಅದರಾಚೆ ಬೆರಳು ಮುಳುಗುವಷ್ಟು ನೀರು, ಅದರಾಚೆ ಹಿಮ್ಮಡಿ, ಅದರಾಚೆ ಮೊಳಕಾಲು, ಆಮೇಲೆ ಜೊಂಡು ಮತ್ತು ಆಪು, ಆಮೇಲೆ ತಾವರೆಯ ಎಲೆ.

ಈ ಒಂದೊಂದು ಅಳತೆಗೂ ಒಂದೊಂದು ಜಾತಿಯ ಹಕ್ಕಿ ನಿಯತವಾಗಿದೆ. ಗೊರವಗಳಲ್ಲೆಲ್ಲ ಕಿರಿದಾದ, ಗುಬ್ಬಚ್ಚಿಯ ಗಾತ್ರದ ಹಕ್ಕಿ ಉತ್ತರಧ್ರುವದಂಚಿನ ಮರವಿಲ್ಲದ ಬಯಲಿನಲ್ಲಿ ಹುಟ್ಟಿ ಇಲ್ಲಿಗೆ ಬಂದು, ಕೆಸರಿನ ಮೇಲೆ ಹೊಳಪಿನಂತೆ ನಿಂತ ನೀರನ್ನು ಬಿಟ್ಟು ಒಳಗೆ ಹೆಜ್ಜೆಯಿಡಲಾರದು. ಮೆಟ್ಟುಗಾಲು ಹಕ್ಕಿ ತನ್ನ ಕೆಂಪು ನೀಳ ಕಾಲುಗಳ ದೆಸೆಯಿಂದ ಅದಕ್ಕಿಂತ ಬಹುದೂರ ನಡೆದುಹೋಗುತ್ತದೆ. ಕರಿಬಾಲದ ನೀಳಕೊಕ್ಕಿನ ಗೊರವ ಹೊಟ್ಟೆ ತಾಗುವಷ್ಟು ನೀರಿನಲ್ಲಿ ನಿಂತು ಕೊಕ್ಕನ್ನು ಬುಡದವರೆಗೂ ಕೆಸರಿಗೆ ಇಳಿಸುತ್ತದೆ. ಕೊಕ್ಕಿನ ಮಿಕ್ಕ ಭಾಗ ಮುಚ್ಚಿಯೇ ಇದ್ದು ತುದಿ ಮಾತ್ರ ಮಣ್ಣೊಳಗೆ ತೆರೆದು, ಕಣ್ಣಿಗೆ ಕಾಣದ ಹುಳುವನ್ನು ಸ್ಪರ್ಶಮಾತ್ರದಿಂದ ಗುರುತಿಸಿ ಹಿಡಿಯುವ ಅದರ ಸಾಮರ್ಥ್ಯ ಪ್ರಾಣಿಲೋಕದ ವಿಸ್ಮಯಗಳಲ್ಲೊಂದು. ಬಾತುಗಳ ವಿಷಯವೂ ಹೀಗೆಯೆ. ತಲೆಕೆಳಗಾಗಿ, ಬಾಲವನ್ನು ಆಕಾಶಕ್ಕೆ ಎತ್ತಿ, ನೀರಿನ ತಳದ ಬೀಜಗಳನ್ನು ಆಯ್ದು ತಿನ್ನುವ ಬಾತುಗಳಲ್ಲಿ ಸೂಜಿಬಾಲದ ಬಾತಿನ ಕೊರಳು ನೀಳವಾದುದರಿಂದ ಅದು ಮೇಯುವ ತಳಕ್ಕೆ ಗಿಡ್ಡಕೊರಳಿನ ಬಾತು ಎಟುಕಲಾರದು. ಸಲಿಕೆ ಕೊಕ್ಕಿನ ಬಾತು ತಳವನ್ನು ನೆಚ್ಚುವುದೇ ಇಲ್ಲ. ಅಗಲವಾದ ಕೊಕ್ಕನ್ನು ನೀರಿನ ಮೇಲ್ಪದರದಲ್ಲಿ ಆಡಿಸುತ್ತ, ಕೊಕ್ಕಿನ ಅಂಚಿನ ನವಿರಾದ ಹಲ್ಲುಸಾಲಿನಿಂದ ಸೂಕ್ಷ್ಮಜೀವಿಗಳನ್ನು ಸೋಸಿಕೊಳ್ಳುತ್ತದೆ. ಹತ್ತಾರು ಬಾತುಗಳು ಒಂದರ ಹಿಂದೊಂದು ವರ್ತುಲಾಕಾರವಾಗಿ ಈಜುತ್ತ, ಮುಂದಿನದರ ಕಾಲು ಕಲಕಿದ ನೀರನ್ನು ಹಿಂದಿನದು ಸೋಸುತ್ತ ಹೋಗುವ ದೃಶ್ಯವನ್ನು ಜನವರಿಯ ಯಾವ ಒಳ್ಳೆಯ ಕೆರೆಯಲ್ಲಾದರೂ ಕಾಣಬಹುದು.

ಇಷ್ಟಕ್ಕೇ ಈ ವ್ಯವಸ್ಥೆ ಮುಗಿಯಲಿಲ್ಲ. ಕೆರೆ ನಿಂತ ನೀರಾದರೂ ಅದರ ಅಂಚು ನಿಂತದ್ದಲ್ಲ. ಮುಂಗಾರು ಹಿಂಗಾರುಗಳ ನಡುವೆ ತುಂಬಿದ ಕೆರೆ, ನೀರಗಂಟಿಯು ಅಚ್ಚುಕಟ್ಟಿನ ಗದ್ದೆಗಳಿಗೆ ತೂಬು ಬಿಟ್ಟಂತೆಲ್ಲ ವಾರದಿಂದ ವಾರಕ್ಕೆ ಕುಗ್ಗುತ್ತ ಬರುತ್ತದೆ. ಹೀಗೆ ಕುಗ್ಗುವಾಗ ನಿನ್ನೆಯವರೆಗೆ ಮೊಳಕಾಲುದ್ದ ನೀರಿದ್ದೆಡೆ ಇಂದು ಹೊಸ ಕೆಸರು ತೆರೆದುಕೊಂಡು, ಅಲ್ಲಿ ಅಡಗಿದ್ದ ಹುಳು, ಬಸವನಹುಳು, ಆಪಿನ ಬೀಜಗಳೆಲ್ಲ ಹಕ್ಕಿಗಳ ಕೊಕ್ಕಿಗೆ ಸಿಕ್ಕುವುವು. ಹಕ್ಕಿಗಳು ಬರುವ ಆಶ್ವಯುಜ ಕಾರ್ತಿಕಗಳಲ್ಲಿ ಕೆರೆ ತುಂಬಿರುವುದು, ಅವು ಮರಳಿ ಹೊರಡಲು ಮೈಗೆ ಕೊಬ್ಬು ಕೂಡಿಸಿಕೊಳ್ಳಬೇಕಾದ ಮಾಘ ಫಾಲ್ಗುಣಗಳಲ್ಲಿ ಕೆರೆ ಕುಗ್ಗಿ ಆಹಾರವೆಲ್ಲ ಒಂದೆಡೆ ಸೇರುವುದು, ಇವೆರಡೂ ಕೂಡಿಬಂದಿರುವುದನ್ನು ನೋಡಿದರೆ, ತೂಬಿನ ಬೀಗದ ಕೈಯನ್ನು ಹಿಡಿದಿದ್ದ ನೀರಗಂಟಿಯು ತಾನರಿಯದೆಯೇ ಹಕ್ಕಿಗಳ ಅನ್ನದಾತನೂ ಆಗಿದ್ದನೆಂದು ಹೇಳಬೇಕಾಗುತ್ತದೆ.

ಇನ್ನು ಎರಡನೆಯ ವಿಷಯಕ್ಕೆ, ಎಂದರೆ ಬರುವ ಹಕ್ಕಿಗಳ ಕಾಲಕ್ರಮಕ್ಕೆ ಬರುತ್ತೇನೆ. ವಲಸೆಹಕ್ಕಿಗಳೆಲ್ಲ ಚಳಿ ತೊಡಗಿದ ಮೇಲೆಯೇ ಬರುವುವೆಂಬುದು ಸಾಮಾನ್ಯವಾದ ತಿಳಿವಳಿಕೆ. ವಾಸ್ತವವಾಗಿ ಶ್ರಾವಣದ ಮಳೆ ಇನ್ನೂ ಸುರಿಯುತ್ತಿರುವಾಗಲೇ, ಆಗಸ್ಟಿನಲ್ಲಿ, ಕೆಲವು ಗೊರವಗಳು ಒಂಟೊಂಟಿಯಾಗಿ ಕೆರೆಯಂಚಿನಲ್ಲಿ ಬಾಲ ಕುಣಿಸುತ್ತ ಕಾಣಿಸಿಕೊಳ್ಳುವುವು. ಸೆಪ್ಟೆಂಬರಿನಲ್ಲಿ ಸಿಪಿಲೆಗಳು ಬರುವುವು. ನಮ್ಮ ಹಳ್ಳಿಗರು ಕುಂಡೆಕುಸ್ಕವೆಂದು ಕರೆಯುವ ಈ ಹಕ್ಕಿಗಳಲ್ಲಿ ಹಳದಿ ಸಿಪಿಲೆಯು ಎಮ್ಮೆಗಳ ಕಾಲಡಿಯಲ್ಲೇ ಓಡಾಡುತ್ತ, ಗೊರಸು ಎಬ್ಬಿಸಿದ ಕೀಟಗಳನ್ನು ಹಿಡಿಯುತ್ತದೆ. ಬಾತುಗಳಲ್ಲಿ ಎಲ್ಲಕ್ಕಿಂತ ಮೊದಲು ಬಂದು ಎಲ್ಲಕ್ಕಿಂತ ತಡವಾಗಿ ಹೊರಡುವುದು ಬಿಳಿಹುಬ್ಬಿನ ಬಾತು. ಅಕ್ಟೋಬರ್ ನವೆಂಬರುಗಳಲ್ಲಿ ಸೂಜಿಬಾಲದವು, ಸಲಿಕೆ ಕೊಕ್ಕಿನವು ಮೊದಲಾದ ಬಾತುಗಳೂ, ಆಪಿನ ಮೇಲೆ ತಗ್ಗಾಗಿ ತೇಲುವ ಜೌಗು ಸೆಳೆವವೆಂಬ ಬೇಟೆಹಕ್ಕಿಯೂ, ಸಂಜೆ ಜೊಂಡಿನಲ್ಲಿ ಸಾಮೂಹಿಕವಾಗಿ ತಂಗುವ ಕವಲುತೋಕೆಗಳೂ ನೆರೆಯುವುವು. ಹೊಸದಾಗಿ ಬಂದ ಗಂಡುಬಾತುಗಳು ಆಗ ಹೆಣ್ಣುಗಳಂತೆಯೇ ಮಾಸಲು ಕಂದುಬಣ್ಣದಲ್ಲಿರುವುದರಿಂದ ಹೊಸಬರಿಗೆ ಅವನ್ನು ಗುರುತಿಸುವುದು ಕಷ್ಟ. ಮಕರ ಸಂಕ್ರಾಂತಿಯ ವೇಳೆಗೆ ಅವು ತಮ್ಮ ಪೂರ್ಣಶೋಭೆಯನ್ನು ತಾಳಿರುವುವು. ನಮ್ಮ ಕವಿಗಳಿಗೆ ಇರುಳಿನ ವಿರಹದ ಪ್ರತೀಕವಾಗಿ ಒದಗಿಬಂದ ಚಕ್ರವಾಕವೂ ಈ ದಿನಗಳಲ್ಲಿಯೇ ಉತ್ತರ ಕರ್ನಾಟಕದ ಕೆರೆಗಳಲ್ಲಿ ಜೋಡಿಜೋಡಿಯಾಗಿ ಕಾಣಸಿಗುತ್ತದೆ.

ಇವೆಲ್ಲದರ ಬಳಿಕ ಬರುವುದು ಪಟ್ಟೆತಲೆಯ ಹೆಬ್ಬಾತು. ಅದನ್ನು ಕುರಿತು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು. ಗದಗ ಜಿಲ್ಲೆಯ ಶಿರಹಟ್ಟಿ ತಾಲ್ಲೂಕಿನ ಮಾಗಡಿ ಎಂಬ ಗ್ರಾಮದ ಕೆರೆ ವಿಸ್ತಾರದಲ್ಲಿ ಸುಮಾರು 50 ಹೆಕ್ಟೇರಿನಷ್ಟು ಮಾತ್ರ. ದಡದಲ್ಲಿ ದಟ್ಟವಾದ ಮರಗಳಿಲ್ಲ, ಜೊಂಡಿನ ಮರೆಯಿಲ್ಲ, ಸುತ್ತಲೂ ಹೊಲಗಳು. ಆದರೆ ನವೆಂಬರಿನಿಂದ ಮಾರ್ಚಿಯವರೆಗೆ ಈ ಬಯಲುಕೆರೆಯೇ ಸಾವಿರಾರು ಹೆಬ್ಬಾತುಗಳ ಬೀಡು. ಬೂದುಬಿಳುಪಿನ ಮೈ, ಕಿತ್ತಳೆ ಬಣ್ಣದ ಕಾಲು, ಬಿಳಿಯ ತಲೆಯ ಹಿಂಭಾಗದಲ್ಲಿ ಒಂದರ ಕೆಳಗೊಂದು ಎರಡು ಕಪ್ಪು ಪಟ್ಟಿ. ಟಿಬೆಟ್ಟು, ಮಂಗೋಲಿಯ, ಲಡಾಖುಗಳ ಎತ್ತರದ ಸರೋವರಗಳ ಬಳಿ ಗೂಡುಕಟ್ಟುವ ಈ ಹಕ್ಕಿ, ಹಗಲೆಲ್ಲ ಮಾಗಡಿಯ ನೀರಿನಲ್ಲಿಯೂ ದಡದಲ್ಲಿಯೂ ವಿಶ್ರಮಿಸಿದ್ದು, ಕತ್ತಲಾದ ಮೇಲೆ ಹೊಲಗಳಿಗೆ ಮೇಯಲು ಹೋಗಿ, ಬೆಳಗಿನ ಹೊತ್ತಿಗೆ ಹಿಂತಿರುಗುತ್ತದೆ.

ಆ ಹಿಂತಿರುಗುವಿಕೆಯನ್ನು ಕಣ್ಣಾರೆ ಕಂಡವರು ಮರೆಯಲಾರರು. ಹಕ್ಕಿಗಳು ಕಾಣುವ ಮೊದಲೇ ಮೂಗಿನಿಂದ ಹೊರಟಂಥ ಅವುಗಳ ಕೂಗು ಕೇಳಿಬರುತ್ತದೆ; ಅನಂತರ ಪೂರ್ವದಿಗಂತದಲ್ಲಿ ಓರೆಸಾಲುಗಳು ಮೂಡಿ, ಮುರಿದು, ಮತ್ತೆ ಕೂಡಿಕೊಳ್ಳುವುವು. ಕೆರೆಯ ಮೇಲೆ ಬಂದೊಡನೆ ಸಾಲು ಚದರುತ್ತದೆ. ಎತ್ತರವನ್ನು ತಟ್ಟನೆ ಕಳೆದುಕೊಳ್ಳುವುದಕ್ಕಾಗಿ ಕೆಲವು ಹಕ್ಕಿಗಳು ರೆಕ್ಕೆಯಗಲಿಸಿ ಪಕ್ಕಕ್ಕೆ ಹೊರಳಿ, ಗಾಳಿಯನ್ನು ಚೆಲ್ಲಿ, ಜಾರಿಬಿದ್ದಂತೆ ಕೆಳಗಿಳಿದು, ನೀರಿಗೆ ಆಳೆತ್ತರದಲ್ಲಿ ಮೈ ಸರಿಪಡಿಸಿಕೊಂಡು, ಕಾಲುಗಳನ್ನು ಮುಂದೆ ಚಾಚಿ ಇಳಿಯುವುವು. ಇಳಿದವುಗಳಲ್ಲಿ ಬಹುಪಾಲು ಹೋಗಿ ನಿಲ್ಲುವುದು ಮೊಳಕಾಲುದ್ದದ ನೀರಿನಲ್ಲಿಯೇ. ನಾಯಿ ನರಿಗಳು ತಟ್ಟನೆ ನುಗ್ಗಲಾರದಷ್ಟು ನೀರು, ತಾವು ಒಂಟಿಗಾಲಿನಲ್ಲಿ ನಿಂತು ನಿದ್ರಿಸಬಲ್ಲಷ್ಟು ಆಳ: ಅವಕ್ಕೆ ಬೇಕಾದದ್ದು ಅದು.

ಇಲ್ಲಿಂದ ಮೂರನೆಯ ವಿಷಯ ಸಹಜವಾಗಿಯೇ ಹುಟ್ಟುತ್ತದೆ. ಈ ಹಕ್ಕಿ ಎಲ್ಲಿಂದ ಬಂದಿತೆಂದು ನಾವು ಬಲ್ಲದ್ದು ಹೇಗೆ? ಋತುವಿಗೆ ಸರಿಯಾಗಿ ಕಾಣೆಯಾಗುವ ಹಕ್ಕಿಗಳ ಗತಿಯೇನೆಂಬ ಪ್ರಶ್ನೆ ಬಹು ಪುರಾತನವಾದದ್ದು. ಗ್ರೀಕರ ಅರಿಸ್ಟಾಟಲನಂಥ ಸೂಕ್ಷ್ಮದೃಷ್ಟಿಯ ವಿದ್ವಾಂಸನೂ ಒಂದು ಜಾತಿಯ ಹಕ್ಕಿ ಚಳಿಗಾಲದಲ್ಲಿ ಮತ್ತೊಂದು ಜಾತಿಯಾಗಿ ಮಾರ್ಪಡುವುದೆಂದು ನಂಬಿದ್ದನು. ಕವಲುತೋಕೆಗಳು ನೀರಿನ ತಳದಲ್ಲಿ ಮಲಗಿ ಚಳಿಗಾಲವನ್ನು ಕಳೆಯುವುವೆಂಬ ಭಾವನೆ ಯುರೋಪಿನಲ್ಲಿ ಹದಿನೆಂಟನೆಯ ಶತಮಾನದವರೆಗೂ ಉಳಿದಿತ್ತು. ನಮ್ಮ ಕಾಳಿದಾಸನು ಮೇಘದೂತದಲ್ಲಿ ರಾಜಹಂಸಗಳು ಮಾನಸ ಸರೋವರಕ್ಕೆ ತೆರಳುವುದನ್ನೂ, ಹಿಮಾಲಯವನ್ನು ದಾಟಲು ಅವಕ್ಕೆ ಕ್ರೌಂಚರಂಧ್ರವೆಂಬ ಪರ್ವತದ್ವಾರವಿರುವುದನ್ನೂ ಹೇಳಿದ್ದಾನೆ. ಆ ಹಂಸ ಇಂದಿನ ಯಾವ ಹಕ್ಕಿಯೆಂಬ ವಿವಾದವನ್ನು ನಾನು ಇಲ್ಲಿ ಎತ್ತುವುದಿಲ್ಲ. ಅವು ಉತ್ತರಕ್ಕೆ, ಪರ್ವತಗಳಾಚೆಯ ಸರೋವರಕ್ಕೆ, ಕಣಿವೆಯ ದಾರಿಯಿಂದ ಹೋಗುವುವೆಂಬ ಅರಿವು ಈ ದೇಶದ ಜನಕ್ಕೆ ಆಗಲೇ ಇದ್ದಿತೆಂಬುದಷ್ಟೇ ನನಗೆ ಮುಖ್ಯ.

ಪ್ರತ್ಯಕ್ಷವಾದ ಪ್ರಮಾಣ ದೊರೆತದ್ದು ಇತ್ತೀಚೆಗೆ. 1822ರಲ್ಲಿ ಜರ್ಮನಿಯ ಹಳ್ಳಿಯೊಂದರಲ್ಲಿ ಬೇಟೆಗೆ ಸಿಕ್ಕಿದ ಬಿಳಿಕೊಕ್ಕರೆಯ ಕೊರಳಿನಲ್ಲಿ ಆಫ್ರಿಕದ ಈಟಿಯೊಂದು ನಾಟಿಕೊಂಡಿದ್ದಿತು. ಆ ಗಾಯವನ್ನು ಹೊತ್ತುಕೊಂಡೇ ಅದು ಸಮುದ್ರವನ್ನು ಬಳಸಿ ಊರು ಸೇರಿತ್ತು. ಇಂದಿಗೂ ಅದನ್ನು ರೊಸ್ಟೊಕ್ ವಿಶ್ವವಿದ್ಯಾನಿಲಯದಲ್ಲಿ ಕಾಪಾಡಿಕೊಂಡಿದ್ದಾರೆ. 1899ರಲ್ಲಿ ಡೆನ್ಮಾರ್ಕಿನ ಮಾರ್ಟೆನ್ಸನ್ ಎಂಬ ಉಪಾಧ್ಯಾಯರು ಅಂಕಿ ಕೊರೆದ ಅಲ್ಯೂಮಿನಿಯಂ ಬಳೆಗಳನ್ನು ಹಕ್ಕಿಗಳ ಕಾಲಿಗೆ ತೊಡಿಸಲು ತೊಡಗಿದ ಮೇಲೆ ಊಹೆ ಶಾಸ್ತ್ರವಾಯಿತು. ಭಾರತದಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯವರು ಸಲೀಂ ಅಲಿಯವರ ನೇತೃತ್ವದಲ್ಲಿ ಈ ಕೆಲಸವನ್ನು ವಿಸ್ತಾರವಾಗಿ ನಡೆಸಿದರು. ರಾಜಸ್ಥಾನದ ಭರತಪುರದಲ್ಲಿ ಬಳೆ ತೊಟ್ಟ ಬಾತುಗಳು ಸೋವಿಯತ್ ದೇಶದ ದೂರದ ಪ್ರಾಂತಗಳಲ್ಲಿ ಬೇಟೆಗಾರರ ಕೈಗೆ ಸಿಕ್ಕಿ, ಬಳೆಯ ಅಂಕಿ ಮುಂಬಯಿಗೆ ಮರಳಿತು. ಮಂಗೋಲಿಯದಲ್ಲಿ ಕೊರಳಪಟ್ಟಿ ತೊಡಿಸಿದ ಹೆಬ್ಬಾತುಗಳ ಅಂಕಿಗಳನ್ನು ನಮ್ಮ ಮೈಸೂರು ಸೀಮೆಯ ಕೆರೆಗಳಲ್ಲಿ ದುರ್ಬೀನಿನಿಂದ ಓದಿದ್ದಾರೆ.

ಈಚೆಗೆ ಹಕ್ಕಿಯ ಮೈಗೆ ಕಿರಿದಾದ ಸಂಕೇತಯಂತ್ರವನ್ನು ಅಳವಡಿಸಿ ಉಪಗ್ರಹಗಳ ಮೂಲಕ ಅದರ ಹಾದಿಯನ್ನು ಅನುಸರಿಸುವುದು ಸಾಧ್ಯವಾಗಿದೆ. ಹೀಗೆ ತಿಳಿದುಬಂದ ಹೆಬ್ಬಾತಿನ ಸಾಹಸ ಬೆರಗು ಹುಟ್ಟಿಸುವಂಥದು. ವಸಂತದಲ್ಲಿ ಮರಳುವಾಗ ಅದು ಹೆಚ್ಚುಕಡಿಮೆ ಸಮುದ್ರಮಟ್ಟದ ಬಯಲಿನಿಂದ ಹೊರಟು ಏಳೆಂಟು ಗಂಟೆಗಳಲ್ಲಿ ಹಿಮಾಲಯದ ಮೇಲೇರುತ್ತದೆ. 7,290 ಮೀಟರ್ ಎತ್ತರದಲ್ಲಿ ಹಾರಿದ ಹಕ್ಕಿಯೊಂದು ಯಂತ್ರದಲ್ಲಿ ದಾಖಲಾಗಿದೆ. ಆದರೆ ಅಷ್ಟೆತ್ತರದಲ್ಲೇ ನಿರಂತರವಾಗಿ ಹಾರುವುದಿಲ್ಲ. ಬೆಟ್ಟ ಏರಿದಲ್ಲಿ ತಾನೂ ಏರಿ, ಕಣಿವೆ ಇಳಿದಲ್ಲಿ ತಾನೂ ಇಳಿದು, ನೆಲವನ್ನು ಅನುಸರಿಸಿಯೇ ಸಾಗುತ್ತದೆ. ಹಗಲಿನಲ್ಲಿ ಇಳಿಜಾರನ್ನೇರುವ ಗಾಳಿಯ ನೆರವನ್ನು ಅದು ಬಯಸುವುದಿಲ್ಲ. ಗಾಳಿ ತಣ್ಣಗೆ, ಸಾಂದ್ರವಾಗಿ, ಶಾಂತವಾಗಿರುವ ಇರುಳನ್ನೂ ಬೆಳಗಿನ ಜಾವವನ್ನೂ ಆರಿಸಿಕೊಳ್ಳುತ್ತದೆ. ಅದರ ರಕ್ತವು ವಿರಳವಾದ ಗಾಳಿಯಿಂದಲೂ ಆಮ್ಲಜನಕವನ್ನು ಬಿಗಿಯಾಗಿ ಹಿಡಿಯುವ ಗುಣವುಳ್ಳದ್ದು. ಇತರ ಬಾತುಗಳಿಗಿಂತ ಅದರ ಶ್ವಾಸಕೋಶಗಳೂ ದೊಡ್ಡವು.

ಹೊರಡುವ ಮುಹೂರ್ತವನ್ನು ಹಕ್ಕಿಗೆ ತಿಳಿಸುವುದು ಬಹುಮಟ್ಟಿಗೆ ಹಗಲಿನ ಅವಧಿ. ದಿನ ನೀಳವಾಗುತ್ತ ಬಂದಂತೆ ಅದರ ಮೈಯಲ್ಲಿ ಕೊಬ್ಬು ಸೇರುತ್ತದೆ, ಇರುಳು ನಿದ್ದೆ ಹಾರಿ ಚಡಪಡಿಕೆ ಹುಟ್ಟುತ್ತದೆ. ದಾರಿಯನ್ನು ತಿಳಿಯಲು ಸೂರ್ಯನ ಸ್ಥಾನ, ಧ್ರುವದ ಸುತ್ತ ತಿರುಗುವ ನಕ್ಷತ್ರಗಳು, ಭೂಮಿಯ ಅಯಸ್ಕಾಂತ ಬಲ, ಇವೆಲ್ಲವನ್ನೂ ಹಕ್ಕಿಗಳು ಬಳಸುವುವೆಂಬುದು ಕಳೆದ ಶತಮಾನದ ಪ್ರಯೋಗಗಳಿಂದ ಸ್ಥಾಪಿತವಾಗಿದೆ. ಈ ಶಾಸ್ತ್ರಭಾಗವನ್ನು ಇಲ್ಲಿಯೇ ಬಿಟ್ಟು ಮುಂದಕ್ಕೆ ಹೋಗುತ್ತೇನೆ.

ವೀಕ್ಷಣೆಯ ಕ್ರಮವನ್ನು ಕುರಿತು ಹೇಳಬೇಕಾದದ್ದು ಹೆಚ್ಚೇನಿಲ್ಲ. ಬೆಳಗಾಗುವ ಮೊದಲು ಹೋಗಬೇಕು, ಸೂರ್ಯನನ್ನು ಬೆನ್ನಿಗಿಟ್ಟುಕೊಳ್ಳಬೇಕು, ಮಾಸಲು ಬಣ್ಣದ ಬಟ್ಟೆ ತೊಡಬೇಕು, ಒಂದೆಡೆ ಕುಳಿತಿರಬೇಕು. ದುರ್ಬೀನು ಎಂಟು ಪಟ್ಟು ಹಿಗ್ಗಿಸಿ ತೋರಿಸುವಂಥದಾದರೆ ಸಾಕು. ಕನ್ನಡದಲ್ಲಿ ಹಕ್ಕಿಗಳ ಹೆಸರನ್ನು ತಿಳಿಯಬಯಸುವವರಿಗೆ ಪೂರ್ಣಚಂದ್ರ ತೇಜಸ್ವಿಯವರ ಪುಸ್ತಕಗಳಿವೆ. ಈಚಿನ ದಿನಗಳಲ್ಲಿ ಕ್ಯಾಮರಾ ಹಿಡಿದವರು ಒಂದು ಚಿತ್ರದ ಆಸೆಯಿಂದ ಹಿಂಡನ್ನು ಮೇಲೆಬ್ಬಿಸುವುದುಂಟು; ಐದು ಸಾವಿರ ಕಿಲೋಮೀಟರ್ ದಾಟಲು ಕೊಬ್ಬು ಕೂಡಿಸುತ್ತಿರುವ ಹಕ್ಕಿಯನ್ನು ಕಾರಣವಿಲ್ಲದೆ ಹಾರಿಸುವುದೆಂದರೆ ಅದರ ಬುತ್ತಿಯನ್ನು ಕಸಿದುಕೊಂಡಂತೆಯೇ ಎಂದು ನಾನು ಖಂಡಿತವಾಗಿ ಹೇಳುತ್ತೇನೆ. ಹಿಂಡು ತಾನಾಗಿಯೇ ಏಳುವ ಸಂದರ್ಭವನ್ನು ಕಾದು ನೋಡಬಹುದು. ಜೌಗು ಸೆಳೆವ ರೆಕ್ಕೆಗಳನ್ನು ತುಸು ಮೇಲೆತ್ತಿ ಹಿಡಿದು ಆಪಿನ ಮೇಲೆ ತೇಲಿಬಂದಾಗ, ಮೊದಲು ಟಿಟ್ಟಿಭ ಕೂಗುತ್ತದೆ. ಗೊರವಗಳು ಒಮ್ಮೆಗೇ ಎದ್ದು ಮೈ ಹೊರಳಿಸಿದಾಗ ಇಡಿಯ ಹಿಂಡು ಕಂದಿನಿಂದ ಬಿಳುಪಿಗೆ ತಿರುಗುತ್ತದೆ. ಬಾತುಗಳು ನೇರವಾಗಿ ಮೇಲಕ್ಕೆ ಚಿಮ್ಮುವುವು. ನಾಮದ ಕೋಳಿಗಳು ಮಾತ್ರ ಹಾರದೆ ಒತ್ತೊತ್ತಾಗಿ ಗುಂಪುಗೂಡಿ ನೀರು ಚಿಮ್ಮಿಸುವುವು. ಸೆಳೆವ ಅವಸರಪಡುವುದಿಲ್ಲ, ಏಳಲು ತಡಮಾಡಿದ, ಗಾಯಗೊಂಡ ಒಂದು ಹಕ್ಕಿ ಎಲ್ಲಿದೆಯೆಂದು ಹುಡುಕುತ್ತ ಅಂಚಿನುದ್ದಕ್ಕೂ ಸಾಗುತ್ತದೆ. ಆ ಒಂದೆರಡು ನಿಮಿಷದಲ್ಲಿ ಕೆರೆಯಲ್ಲಿರುವ ಒಂದೊಂದು ಜಾತಿಯ ಸ್ವಭಾವವೂ ನೋಡುವವನಿಗೆ ವಿಶದವಾಗುತ್ತದೆ.

ಗುರುತಿಸುವುದಕ್ಕಿಂತ ಎಣಿಸುವುದು ಕಷ್ಟ, ಮತ್ತು ಹೆಚ್ಚು ಉಪಯುಕ್ತ. 1987ರಿಂದ ಪ್ರತಿವರ್ಷ ಜನವರಿಯಲ್ಲಿ ನಡೆದುಬರುತ್ತಿರುವ ಏಷ್ಯಾದ ನೀರುಹಕ್ಕಿಗಳ ಗಣತಿಯಲ್ಲಿ ಸಾಮಾನ್ಯ ನಾಗರಿಕರೇ ಎಣಿಕೆದಾರರು. ಹಿಂಡಿನ ಒಂದು ಭಾಗದಲ್ಲಿ ಹತ್ತು ಹಕ್ಕಿಗಳನ್ನು ಸರಿಯಾಗಿ ಎಣಿಸಿ, ಆ ಹತ್ತು ಎಷ್ಟು ಜಾಗವನ್ನು ಆಕ್ರಮಿಸುವುದೆಂಬುದನ್ನು ಕಣ್ಣಿಗೆ ಪರಿಚಯ ಮಾಡಿಕೊಂಡು, ಅದೇ ಅಳತೆಯಿಂದ ಹಿಂಡನ್ನು ಅಳೆಯುತ್ತ ಹೋಗುವುದು ಅದರ ಪದ್ಧತಿ.

ಈಗ ಕಡೆಯ ವಿಷಯಕ್ಕೆ, ಕೆರೆಗಳ ಸ್ಥಿತಿಗೆ ಬರುತ್ತೇನೆ. ಇದನ್ನು ಪ್ರಸ್ತಾಪಿಸುವ ಮುನ್ನ ಭರತಪುರದ ಕೇವಲಾದೇವ ಘನಾದ ವೃತ್ತಾಂತವನ್ನು ತಮ್ಮ ಮುಂದಿಡುವುದು ಅವಶ್ಯ. ರಾಜಸ್ಥಾನದ ಈ ಪ್ರಸಿದ್ಧ ಜೌಗೂ ನಮ್ಮ ಕೆರೆಗಳಂತೆಯೇ ಮಾನವನಿರ್ಮಿತ; ಕಟ್ಟೆಯೊಂದರ ನೀರನ್ನು ತಗ್ಗುನೆಲಕ್ಕೆ ತಿರುಗಿಸಿ, ಒಡ್ಡುಗಳನ್ನು ಕಟ್ಟಿ, ಅರಸರು ಅದನ್ನು ಬಾತಿನ ಬೇಟೆಗಾಗಿ ಸಿದ್ಧಪಡಿಸಿದರು. 1938ರ ನವೆಂಬರ್ 12ರಂದು ವೈಸರಾಯ್ ಲಿನ್‌ಲಿತ್‌ಗೋ ಅವರ ಬೇಟೆಯಲ್ಲಿ ಒಂದೇ ದಿನ 4,273 ಹಕ್ಕಿಗಳು ಸತ್ತುವೆಂದು ಅಲ್ಲಿನ ಶಿಲಾಫಲಕದಲ್ಲಿ ಕೆತ್ತಲಾಗಿದೆ. ಅದೇ ನವೆಂಬರ್ 12, ಆ ಜೌಗನ್ನು ಹಕ್ಕಿಗಳಿಗಾಗಿ ಉಳಿಸಲು ಮುಂದೆ ಬಹುವಾಗಿ ಶ್ರಮಿಸಿದ ಸಲೀಂ ಅಲಿಯವರ ಜನ್ಮದಿನವೂ ಹೌದು. ಬೇಟೆ ನಿಂತಿತು, 1981ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುಗಳ ರಾಮ್ಸಾರ್ ಪಟ್ಟಿಯಲ್ಲಿಯೂ 1985ರಲ್ಲಿ ವಿಶ್ವ ಪರಂಪರೆಯ ಪಟ್ಟಿಯಲ್ಲಿಯೂ ಅದು ಸೇರಿತು. ನಡುವೆ 1982ರಲ್ಲಿ, ಹಕ್ಕಿಗಳ ಹಿತಕ್ಕೆಂದು, ಅಲ್ಲಿ ದನ ಎಮ್ಮೆಗಳನ್ನು ಮೇಯಿಸುವುದನ್ನು ನಿಷೇಧಿಸಿದರು. ಸುತ್ತಲಿನ ಹಳ್ಳಿಗರು ಪ್ರತಿಭಟಿಸಿದಾಗ ಗೋಲೀಬಾರಾಗಿ ಪ್ರಾಣಹಾನಿಯೂ ಸಂಭವಿಸಿತು. ತರುವಾಯ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯವರೇ ನಡೆಸಿದ ದೀರ್ಘವಾದ ಅಧ್ಯಯನದಿಂದ ತಿಳಿದುಬಂದದ್ದೇನೆಂದರೆ, ಎಮ್ಮೆಗಳು ನಿಂತ ಮೇಲೆ ನೀರುಹುಲ್ಲು ಮಿತಿಮೀರಿ ಬೆಳೆದು ತೆರೆದ ನೀರನ್ನೇ ಮುಚ್ಚಿ, ಬಾತುಗಳಿಗೆ ಮೇವಿನ ನೆಲೆ ಕಿರಿದಾಯಿತು. ಎಮ್ಮೆಯೂ ಆ ಜೌಗನ್ನು ಕಾಪಾಡುತ್ತಿದ್ದ ಕೈಗಳಲ್ಲಿ ಒಂದು. ಭಾರತಕ್ಕೆ ಚಳಿಗಾಲದಲ್ಲಿ ಬರುತ್ತಿದ್ದ ಸೈಬೀರಿಯದ ಬಿಳಿಯ ಕ್ರೌಂಚಗಳ ಕೊನೆಯ ಜೋಡಿ ಅಲ್ಲಿ ಕಂಡದ್ದು 2002ರಲ್ಲಿ; ಬೇರೆ ಬೇರೆ ದೇಶಗಳ ಬೇಟೆಯೂ ಜೌಗುಗಳ ನಾಶವೂ ಆ ಸಂತತಿಯನ್ನು ದಾರಿಯಲ್ಲಿಯೇ ತೀರಿಸಿದ್ದುವು.

ಜೌಗನ್ನು ರಕ್ಷಿಸಬೇಕೆಂಬ ಸದ್ಬುದ್ಧಿ ಮಾತ್ರವೇ ಸಾಲದು, ಅದರ ಆಳ ಮತ್ತು ಅಂಚುಗಳ ಜ್ಞಾನವೂ ಬೇಕೆಂಬುದಕ್ಕೆ ಈ ವೃತ್ತಾಂತಕ್ಕಿಂತ ಬಲವಾದ ನಿದರ್ಶನ ಬೇಕಾಗಿಲ್ಲ. ನಮ್ಮಲ್ಲಿ ಕೆರೆಗಳ ಅಭಿವೃದ್ಧಿಯ ಹೆಸರಿನಲ್ಲಿ ನಡೆಯುತ್ತಿರುವುದನ್ನು ನೋಡೋಣ. ಯಂತ್ರಗಳನ್ನು ಇಳಿಸಿ ಅಂಗಳದ ಹೂಳನ್ನೆಲ್ಲ ಒಂದೇ ಆಳಕ್ಕೆ ತೆಗೆದು, ತೆಗೆದ ಮಣ್ಣನ್ನು ಸುತ್ತಲೂ ಪೇರಿಸಿ ದಡವನ್ನು ಕಡಿದಾಗಿಸಿ, ಅದರ ಮೇಲೆ ನಡೆಯುವ ಹಾದಿ ಹಾಕಿ, ದೀಪಗಳನ್ನು ನೆಡುತ್ತಾರೆ. ತಟ್ಟೆಯಂತಿದ್ದ ಕೆರೆ ಬಟ್ಟಲಿನಂತಾಗುತ್ತದೆ. ನೀರಿನ ಪ್ರಮಾಣ ಹೆಚ್ಚಿತೆಂದು ವರದಿಯಾಗುತ್ತದೆ, ಅದು ಸುಳ್ಳೂ ಅಲ್ಲ. ಆದರೆ ಮೊಳಕಾಲುದ್ದದ ನೀರು ಒಂದು ಗೇಣಿನಷ್ಟೂ ಉಳಿದಿರುವುದಿಲ್ಲ. ನಾಲ್ಕು ನೀರುಕಾಗೆಗಳು ಬಂದು ಕುಳಿತದ್ದನ್ನು ನೋಡಿ ಕೆರೆಗೆ ಹಕ್ಕಿಗಳು ಮರಳಿದುವೆಂದು ಸಂತೋಷಪಡುವ ನಾವು, ಗೊರವಗಳೂ ಸೂಜಿಬಾಲಗಳೂ ಹೆಬ್ಬಾತುಗಳೂ ಮತ್ತೆ ಬರಲಿಲ್ಲವೆಂಬುದನ್ನು ಗಮನಿಸುವುದಿಲ್ಲ. ಹೂಳು ತೆಗೆಯಲೇಬಾರದೆಂದು ನನ್ನ ವಾದವಲ್ಲ. ಹಿಂದಿನ ರೈತರು ಪ್ರತಿ ಬೇಸಗೆಯಲ್ಲಿಯೂ ಗೋಡುಮಣ್ಣನ್ನು ಗಾಡಿಗಳಲ್ಲಿ ತುಂಬಿ ಹೊಲಕ್ಕೆ ಒಯ್ಯುತ್ತಿದ್ದರು. ಕೆರೆ ಹಸನಾಗುತ್ತಿತ್ತು, ಹೊಲ ಫಲವತ್ತಾಗುತ್ತಿತ್ತು, ಅಂಗಳದ ಇಳಿಜಾರು ಕೆಡುತ್ತಿರಲಿಲ್ಲ. ಇಂದು ಯಂತ್ರದಿಂದ ತೆಗೆಯುವವರೂ ತೂಬಿನ ಕಡೆಯ ಭಾಗವನ್ನು ಬೇಕಾದಷ್ಟು ಆಳಗೊಳಿಸಿ, ಹಳ್ಳ ಕೂಡುವ ಹಿಂಬದಿಯ ಅಂಗಳವನ್ನು ಅದರ ಸಹಜವಾದ ಇಳಿಜಾರಿನಲ್ಲಿಯೇ ಬಿಟ್ಟರೆ ನೀರೂ ನಿಲ್ಲುತ್ತದೆ, ಜೌಗೂ ಉಳಿಯುತ್ತದೆ. ಇದಕ್ಕೆ ಹೆಚ್ಚಿನ ಹಣ ಬೇಕಾಗಿಲ್ಲ. ಕೆಲಸದ ನಕ್ಷೆಯನ್ನು ಬರೆಯುವವರು ಆಳದ ರೇಖೆಗಳನ್ನೂ ಬರೆದರೆ ಸಾಕು.

ಎಲ್ಲ ಕೆರೆಗಳಿಗೂ ಒಂದೇ ಕಟ್ಟಳೆ ಸಲ್ಲದೆಂಬುದನ್ನೂ ಇಲ್ಲಿಯೇ ಹೇಳಬೇಕು. ವಿಜಯನಗರ ಜಿಲ್ಲೆಯ ಅಂಕಸಮುದ್ರ ಕೆರೆಯ ಅಂಗಳದ ತುಂಬ ಜಾಲಿಮರಗಳಿವೆ. ನೀರಿನ ನಡುವಿನ ಆ ಮುಳ್ಳುಮರಗಳ ಮೇಲೆ ಬಣ್ಣದ ಕೊಕ್ಕರೆ ಮೊದಲಾದವು ಗೂಡುಕಟ್ಟಿ ಮರಿಮಾಡುವುವು. ಮಾಗಡಿಯ ಹೆಬ್ಬಾತಿಗೆ ಬೇಕಾದದ್ದು ಅದಕ್ಕೆ ತೀರ ವಿರುದ್ಧವಾದ ಬೋಳುದಡ, ದೂರದವರೆಗೆ ಕಣ್ಣು ಹಾಯುವ ಬಯಲು. ಈ ಎರಡು ಕೆರೆಗಳೂ 2024ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿದುವು. 2022ರಲ್ಲಿ ಸೇರಿದ ರಂಗನತಿಟ್ಟು ನಮ್ಮ ರಾಜ್ಯದ ಮೊದಲನೆಯದು. ಪಟ್ಟಿಗೆ ಸೇರಿದೆಯೆಂದು ಮಾಗಡಿಯಲ್ಲಿ ಮರ ನೆಡಲು ಹೊರಟರೆ, ಅಂಕಸಮುದ್ರದಲ್ಲಿ ಜಾಲಿಯನ್ನು ಕಡಿದು ನೀರನ್ನು ಬಯಲುಮಾಡಲು ಹೊರಟರೆ, ಎರಡೂ ಅನರ್ಥವೇ. ಮಾಗಡಿಯ ಸುತ್ತಣ ರೈತನ ಮಾತೂ ಮರೆಯತಕ್ಕದ್ದಲ್ಲ. ಇರುಳೆಲ್ಲ ಹೊಲದಲ್ಲಿ ಮೇಯುವ ಹಕ್ಕಿಯನ್ನು ಸಹಿಸಿಕೊಂಡು ಬಂದವನು ಅವನು. ಆ ಕೆರೆಯ ಕೀರ್ತಿಯಲ್ಲಿ ಸಲ್ಲಬೇಕಾದ ಪಾಲು, ಬೆಳೆಹಾನಿಗೆ ಪರಿಹಾರದ ರೂಪದಲ್ಲಾದರೂ, ಅವನಿಗೆ ತಪ್ಪದೆ ಸಲ್ಲಬೇಕು.

ವಿದ್ಯಾರ್ಥಿಗಳಲ್ಲಿ ಒಂದು ಕೋರಿಕೆಯನ್ನು ಮುಂದಿಟ್ಟು ಮುಗಿಸುತ್ತೇನೆ. ತಮ್ಮ ಸಂಸ್ಥೆಗೆ ಅತಿ ಸಮೀಪವಾದ ಕೆರೆಯೊಂದನ್ನು ಆರಿಸಿಕೊಂಡು ಅದಕ್ಕಾಗಿ ಒಂದು ದಪ್ಪ ವಹಿಯನ್ನು ತೆರೆಯಿರಿ. ತಿಂಗಳಿಗೊಮ್ಮೆ, ಒಂದೇ ಜಾಗದಲ್ಲಿ ನಿಂತು, ಎಡಪುಟದಲ್ಲಿ ತೂಬಿನ ಬಳಿಯ ನೀರಿನ ಮಟ್ಟವನ್ನೂ, ಹಿಂಬದಿಯ ಅಂಗಳದಲ್ಲಿ ನೀರಿನಂಚು ಎಲ್ಲಿಯವರೆಗೆ ಬಂದಿದೆಯೆಂಬುದನ್ನೂ ಬರೆಯಿರಿ. ಬಲಪುಟದಲ್ಲಿ ಕಂಡ ಹಕ್ಕಿಗಳ ಹೆಸರು, ಸಂಖ್ಯೆ, ಅವು ಎಷ್ಟು ಆಳದಲ್ಲಿ ನಿಂತಿದ್ದುವೆಂಬುದನ್ನು ಬರೆಯಿರಿ. ವಲಸೆಹಕ್ಕಿಯೊಂದೂ ಇಲ್ಲದ ಜೂನ್ ಜುಲೈಗಳಲ್ಲಿಯೂ ತಪ್ಪಿಸಬೇಡಿ. ಮೊದಲ ಗೊರವ ಯಾವ ವಾರದಲ್ಲಿ ಬಂದಿತೆಂಬುದು ಆ ಬರಿದಾದ ಪುಟಗಳಿಂದಲೇ ನಿಶ್ಚಯವಾಗಬೇಕು. ನೀವು ಉತ್ತೀರ್ಣರಾಗಿ ಹೋಗುವಾಗ ವಹಿಯನ್ನು ಕಿರಿಯರ ಕೈಗೆ ಕೊಟ್ಟು ಹೋಗಿರಿ. ಮುಂದೆಂದಾದರೂ ಆ ಕೆರೆಯ ಹೂಳೆತ್ತಲು ಯೋಜನೆ ಬಂದಾಗ, ಯಾವ ಭಾಗವನ್ನು ಅಗೆಯಬಹುದು, ಯಾವ ಭಾಗವನ್ನು ಮುಟ್ಟಕೂಡದು ಎಂಬುದನ್ನು ಇಂಜಿನಿಯರರ ಮುಂದೆ ಆಧಾರಸಹಿತವಾಗಿ ಇಡಬಲ್ಲವರು ಆ ವಹಿಯನ್ನು ಬರೆದವರೇ. ಬರುವ ತಿಂಗಳಿನಿಂದಲೇ ಈ ಕೆಲಸ ತೊಡಗುವುದಾದರೆ ಮೊದಲ ಕೆಲವು ಬೆಳಗುಗಳಲ್ಲಿ ಜೊತೆಗಿರಲು ನಾನು ಸಿದ್ಧನಿದ್ದೇನೆ.